ಇ. ಡೊನಾಲ್ ಥಾಮಸ್

ಎಡ್ವರ್ಡ್ ಡೊನಾಲ್ ಥಾಮಸ್ (೧೫ ಮಾರ್ಚ್ ೧೯೨೦ – ೨೦ ಅಕ್ಟೋಬರ್ ೨೦೧೨) ಅಮೆರಿಕದ ಪ್ರಸಿದ್ಧ ವೈದ್ಯರು ಹಾಗೂ ವೈದ್ಯಕೀಯ ಸಂಶೋಧಕರು. ರಕ್ತದ ಕ್ಯಾನ್ಸರ್ ರೋಗಿಗಳಿಗೆ ಬೇರೊಬ್ಬರ ಅಸ್ಥಿಮಜ್ಜೆಯನ್ನು ಕಸಿ ಮಾಡುವ ಚಿಕಿತ್ಸೆಯನ್ನು ರೂಪಿಸಿದವರಲ್ಲಿ ಇವರು ಅಗ್ರಗಣ್ಯರು. ಇಂದು ಆಕರಕೋಶಗಳ ಕಸಿ ಎಂದು ಕರೆಯಲ್ಪಡುವ ಚಿಕಿತ್ಸೆಗೆ ಇವರ ಸಂಶೋಧನೆಗಳೇ ತಳಹದಿ. ಈ ಸಾಧನೆಗಾಗಿ ೧೯೯೦ರಲ್ಲಿ ಮೂತ್ರಪಿಂಡ ಕಸಿಯ ಪ್ರವರ್ತಕ ಜೋಸೆಫ್ ಮರ್ರೆ ಅವರೊಂದಿಗೆ ವೈದ್ಯಕೀಯ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇವರು ಕೈಗೆತ್ತಿಕೊಂಡ ಕೆಲಸವು ಮೊದಲ ಹದಿನೈದು ವರ್ಷಗಳ ಕಾಲ ಬಹುಮಟ್ಟಿಗೆ ವಿಫಲವಾಗಿಯೇ ಕಂಡಿತ್ತು. ಅನೇಕ ವೈದ್ಯರು ಈ ಮಾರ್ಗವನ್ನು ಕೈಬಿಟ್ಟ ಮೇಲೂ ಥಾಮಸರು ಅದನ್ನು ಬಿಡಲಿಲ್ಲ.

ಜನನ ಮತ್ತು ಬಾಲ್ಯ

ಥಾಮಸರು ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಟ್ ಎಂಬ ಸಣ್ಣ ಊರಿನಲ್ಲಿ ೧೯೨೦ರ ಮಾರ್ಚ್ ೧೫ರಂದು ಜನಿಸಿದರು. ತಂದೆ ಎಡ್ವರ್ಡ್ ಇ. ಥಾಮಸ್ ಆ ಊರಿನ ವೈದ್ಯರು. ೧೮೭೦ರಲ್ಲಿ ಜನಿಸಿದ್ದ ಅವರು ಬಾಲ್ಯದಲ್ಲಿಯೇ ಕಮಾನು ಗಾಡಿಯಲ್ಲಿ ಪ್ರಯಾಣ ಮಾಡಿ ಟೆಕ್ಸಾಸಿಗೆ ಬಂದು ನೆಲೆಸಿದ ಕುಟುಂಬದವರು. ಕುದುರೆಗಾಡಿಯಲ್ಲಿ ರೋಗಿಗಳ ಮನೆಮನೆಗೆ ಹೋಗಿ ಚಿಕಿತ್ಸೆ ನೀಡುವ ಕಾಲದಿಂದ ಆರಂಭಿಸಿ ಆಧುನಿಕ ವೈದ್ಯಪದ್ಧತಿಯ ಕಾಲದವರೆಗೂ ವೃತ್ತಿ ನಡೆಸಿದರು. ಮೊದಲ ಪತ್ನಿ ಕ್ಷಯರೋಗದಿಂದ ತೀರಿಕೊಂಡ ಮೇಲೆ ಶಾಲಾ ಶಿಕ್ಷಕಿಯಾಗಿದ್ದ ಆಂಜಿ ಹಿಲ್ ಡೊನಾಲ್ ಅವರನ್ನು ವಿವಾಹವಾದರು. ಈ ದಂಪತಿಗಳ ಏಕೈಕ ಪುತ್ರನೇ ಡೊನಾಲ್. ಮಗ ಹುಟ್ಟಿದಾಗ ತಂದೆಗೆ ಐವತ್ತು ವರ್ಷ.

ಬಾಲಕ ಡೊನಾಲ್ ಓದಿದ ಪ್ರೌಢಶಾಲೆಯ ತರಗತಿಯಲ್ಲಿ ಇದ್ದವರು ಸುಮಾರು ಹದಿನೈದು ವಿದ್ಯಾರ್ಥಿಗಳು ಮಾತ್ರ. ಶಾಲೆಯಲ್ಲಿ ಇವರು ವಿಶೇಷ ಪ್ರತಿಭಾವಂತರೆಂದು ಗುರುತಿಸಿಕೊಂಡವರಲ್ಲ. ತಂದೆಯ ವೃತ್ತಿಜೀವನವೇ ಇವರಿಗೆ ವೈದ್ಯಕೀಯದಲ್ಲಿ ಆಸಕ್ತಿ ಮೂಡಲು ಕಾರಣವಾಯಿತು.

ವಿದ್ಯಾಭ್ಯಾಸ ಮತ್ತು ವಿವಾಹ

ಥಾಮಸರು ೧೯೩೭ರಲ್ಲಿ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಸೇರಿದರು. ಆರ್ಥಿಕ ಮುಗ್ಗಟ್ಟಿನ ಕಾಲವಾದ್ದರಿಂದ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡೇ ಓದಬೇಕಾಯಿತು. ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ ೧೯೪೧ರಲ್ಲಿ ಸ್ನಾತಕ ಪದವಿಯನ್ನೂ ೧೯೪೩ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ವಿದ್ಯಾರ್ಥಿನಿಯರ ನಿಲಯವೊಂದರಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾಗ ಪತ್ರಿಕೋದ್ಯಮದ ವಿದ್ಯಾರ್ಥಿನಿ ಡೊರೊಥಿ ಮಾರ್ಟಿನ್ ಅವರ ಪರಿಚಯವಾಯಿತು. ಟೆಕ್ಸಾಸಿನಲ್ಲಿ ಹಿಮ ಬೀಳುವುದು ಅಪರೂಪ. ಹಾಗೆ ಹಿಮ ಬಿದ್ದ ಒಂದು ದಿನ ಆಕೆ ಎಸೆದ ಹಿಮದ ಉಂಡೆ ಇವರ ಮುಖಕ್ಕೆ ತಗುಲಿದ್ದೇ ಅವರ ಸ್ನೇಹಕ್ಕೆ ನಾಂದಿಯಾಯಿತು. ಇಬ್ಬರೂ ೧೯೪೨ರ ಡಿಸೆಂಬರಿನಲ್ಲಿ ವಿವಾಹವಾದರು. ಇವರಿಗೆ ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳು.

ಗಾಲ್ವೆಸ್ಟನ್‌ನಲ್ಲಿ ವೈದ್ಯಕೀಯ ಶಿಕ್ಷಣವನ್ನು ಆರಂಭಿಸಿದ ಥಾಮಸರು ಕೆಲವೇ ತಿಂಗಳಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ವರ್ಗಾವಣೆಗೊಂಡರು. ೧೯೪೬ರಲ್ಲಿ ವೈದ್ಯಕೀಯ ಪದವಿ ದೊರೆಯಿತು. ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು ರಕ್ತರೋಗಗಳ ಅಧ್ಯಯನದಲ್ಲಿ ತೊಡಗಿದರು. ನಡುವೆ ಎರಡು ವರ್ಷ ಸೇನೆಯಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿದರು. ಇದೇ ಅವಧಿಯಲ್ಲಿ ಡೊರೊಥಿಯವರು ಪತ್ರಿಕೋದ್ಯಮವನ್ನು ಬಿಟ್ಟು ಪ್ರಯೋಗಾಲಯ ತಂತ್ರಜ್ಞೆಯಾಗಿ ತರಬೇತಿ ಪಡೆದರು. ಪತಿಪತ್ನಿಯರು ಒಟ್ಟಿಗೆ ಕೆಲಸ ಮಾಡಲು ಇದರಿಂದ ಅನುಕೂಲವಾಯಿತು.

ಬಾಸ್ಟನ್ನಿನಲ್ಲಿ ಥಾಮಸರಿಗೆ ಮೊದಲ ಪ್ರಯೋಗಾಲಯವನ್ನು ಒದಗಿಸಿಕೊಟ್ಟವರು ಮಕ್ಕಳ ಕ್ಯಾನ್ಸರ್ ತಜ್ಞ ಸಿಡ್ನಿ ಫಾರ್ಬರ್. ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ಔಷಧದಿಂದ ರೋಗವನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಬಹುದೆಂದು ಫಾರ್ಬರ್ ೧೯೪೮ರಲ್ಲಿ ಪ್ರಕಟಿಸಿದ್ದರು. ಅವರು ಬಳಸಿದ ಅಮಿನಾಪ್ಟೆರಿನ್ ಎಂಬ ಔಷಧವು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಿದ್ಧವಾಗಿತ್ತು. ಆದರೆ ಆ ಮಕ್ಕಳಲ್ಲಿ ರೋಗವು ಕೆಲವು ತಿಂಗಳಲ್ಲಿ ಮರುಕಳಿಸುತ್ತಿತ್ತು. ಔಷಧದಿಂದಷ್ಟೇ ಸಾಧ್ಯವಾಗದ್ದನ್ನು ಸಾಧಿಸುವ ಬಗೆ ಯಾವುದೆಂಬ ಪ್ರಶ್ನೆ ಆಗಿನ ವೈದ್ಯರ ಮುಂದಿತ್ತು.

ಕಸಿಯ ಕಲ್ಪನೆಯ ಹಿನ್ನೆಲೆ

ಅಸ್ಥಿಮಜ್ಜೆಯು ಮೂಳೆಗಳ ಒಳಗಿರುವ ಮೃದುವಾದ ಪದಾರ್ಥ. ದೇಹದ ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳೆಲ್ಲವೂ ಇಲ್ಲಿರುವ ಆಕರಕೋಶಗಳಿಂದ ಉತ್ಪತ್ತಿಯಾಗುತ್ತವೆ. ರಕ್ತದ ಕ್ಯಾನ್ಸರಿನಲ್ಲಿ ಮಜ್ಜೆಯಲ್ಲಿಯೇ ದೋಷಯುಕ್ತ ಕೋಶಗಳು ಮಿತಿಮೀರಿ ಬೆಳೆಯುತ್ತವೆ. ತೀವ್ರವಾದ ವಿಕಿರಣದಿಂದ ಅಥವಾ ಔಷಧದಿಂದ ಅವುಗಳನ್ನು ನಾಶಪಡಿಸಲು ಹೊರಟರೆ ಆರೋಗ್ಯವಂತ ಮಜ್ಜೆಯೂ ನಾಶವಾಗಿ ರೋಗಿಯು ಸೋಂಕಿನಿಂದಲೋ ರಕ್ತಸ್ರಾವದಿಂದಲೋ ಸಾಯುವ ಅಪಾಯವಿರುತ್ತದೆ.

ಎರಡನೆಯ ಮಹಾಯುದ್ಧದ ಅಣುಬಾಂಬ್ ದಾಳಿಯ ನಂತರ ವಿಕಿರಣದ ದುಷ್ಪರಿಣಾಮಗಳ ಅಧ್ಯಯನವು ಚುರುಕಾಯಿತು. ಮಾರಕ ಪ್ರಮಾಣದ ವಿಕಿರಣಕ್ಕೆ ಒಡ್ಡಿದ ಇಲಿಗಳ ಗುಲ್ಮವನ್ನು ಸೀಸದಿಂದ ಮರೆಮಾಡಿದರೆ ಅವು ಬದುಕುತ್ತವೆಂದು ಲಿಯಾನ್ ಜೇಕಬ್ಸನ್ ೧೯೪೯ರಲ್ಲಿ ತೋರಿಸಿದರು. ಬೇರೆ ಇಲಿಯ ಮಜ್ಜೆಯನ್ನು ರಕ್ತನಾಳದ ಮೂಲಕ ಕೊಟ್ಟರೂ ಇಲಿಗಳು ಬದುಕುತ್ತವೆಂದು ೧೯೫೧ರಲ್ಲಿ ಎಗಾನ್ ಲಾರೆನ್ಸ್ ಮತ್ತು ಸಂಗಡಿಗರು ಕಂಡುಕೊಂಡರು. ಹಾಗಾದರೆ ರೋಗಿಯ ಮಜ್ಜೆಯನ್ನು ಕ್ಯಾನ್ಸರ್ ಸಮೇತ ನಾಶಪಡಿಸಿ, ಆರೋಗ್ಯವಂತರ ಮಜ್ಜೆಯನ್ನು ಕೊಟ್ಟು ಹೊಸ ರಕ್ತವನ್ನು ಹುಟ್ಟಿಸಬಹುದಲ್ಲವೇ ಎಂಬ ವಿಚಾರವು ಥಾಮಸರ ಮನಸ್ಸನ್ನು ಸೆಳೆಯಿತು.

ಕೂಪರ್ಸ್‌ಟೌನ್: ಮೊದಲ ಪ್ರಯತ್ನಗಳು

೧೯೫೫ರಲ್ಲಿ ಥಾಮಸರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಚಿಕ್ಕ ಪಟ್ಟಣದಲ್ಲಿದ್ದ ಮೇರಿ ಇಮೊಜೀನ್ ಬ್ಯಾಸೆಟ್ ಆಸ್ಪತ್ರೆಗೆ ಮುಖ್ಯ ವೈದ್ಯರಾಗಿ ಬಂದರು. ಅಲ್ಲಿ ಜೋಸೆಫ್ ಫೆರೆಬಿ ಎಂಬ ಸಂಶೋಧಕರ ಜೊತೆಗೂಡಿ ಮನುಷ್ಯರಲ್ಲಿಯೂ ನಾಯಿಗಳಲ್ಲಿಯೂ ಮಜ್ಜೆಯ ಕಸಿಯನ್ನು ಕುರಿತು ಅಧ್ಯಯನವನ್ನು ಕೈಗೊಂಡರು.

೧೯೫೭ರಲ್ಲಿ ಅವರು ಆರು ಮಂದಿ ರೋಗಿಗಳಿಗೆ ಮಜ್ಜೆಯನ್ನು ನೀಡಿದ ವಿವರಗಳನ್ನು ಪ್ರಕಟಿಸಿದರು. ಇವರಲ್ಲಿ ಇಬ್ಬರಲ್ಲಿ ಮಾತ್ರ ದಾನಿಯ ಕೋಶಗಳು ತಾತ್ಕಾಲಿಕವಾಗಿ ಬೇರೂರಿದವು. ಆರು ಮಂದಿಯೂ ನೂರು ದಿನಗಳ ಒಳಗೆ ತೀರಿಕೊಂಡರು. ಹೀಗಿದ್ದರೂ ಮನುಷ್ಯನ ಮಜ್ಜೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಸಂಗ್ರಹಿಸಿ ರಕ್ತನಾಳದ ಮೂಲಕ ಅಪಾಯವಿಲ್ಲದೆ ನೀಡಬಹುದೆಂಬುದು ಈ ಪ್ರಯತ್ನದಿಂದ ಸಿದ್ಧವಾಯಿತು.

೧೯೫೯ರಲ್ಲಿ ಪ್ರಕಟವಾದ ಇನ್ನೊಂದು ವರದಿಯು ಇಬ್ಬರು ರಕ್ತಕ್ಯಾನ್ಸರ್ ರೋಗಿಗಳಿಗೆ ಅವರ ಏಕರೂಪದ ಅವಳಿಗಳಿಂದಲೇ ಮಜ್ಜೆಯನ್ನು ಪಡೆದು ನೀಡಿದ ಪ್ರಯತ್ನವನ್ನು ಕುರಿತದ್ದು. ಏಕರೂಪದ ಅವಳಿಗಳ ಅಂಗಾಂಶಗಳು ಒಂದೇ ಬಗೆಯವಾದ್ದರಿಂದ ದೇಹವು ಕಸಿಯನ್ನು ತಿರಸ್ಕರಿಸಲಿಲ್ಲ. ಮಾರಕ ಪ್ರಮಾಣದ ವಿಕಿರಣವನ್ನು ಪಡೆದ ರೋಗಿಯ ರಕ್ತವು ಅವಳಿಯ ಮಜ್ಜೆಯಿಂದ ಮತ್ತೆ ಚಿಗುರಬಲ್ಲುದೆಂದು ಖಚಿತವಾಯಿತು. ಆದರೆ ಕೆಲವು ತಿಂಗಳಲ್ಲಿ ಕ್ಯಾನ್ಸರ್ ಮರುಕಳಿಸಿತು. ವಿಕಿರಣವೊಂದರಿಂದಲೇ ಕ್ಯಾನ್ಸರನ್ನು ಬೇರುಸಹಿತ ಕಿತ್ತುಹಾಕಲು ಸಾಧ್ಯವಿಲ್ಲವೆಂಬ ಪಾಠವನ್ನು ಈ ಅನುಭವವು ಕಲಿಸಿತು.

ಹಿನ್ನಡೆಯ ಕಾಲ

ಇದೇ ಸಮಯದಲ್ಲಿ ಇತರ ದೇಶಗಳಲ್ಲಿಯೂ ಪ್ರಯತ್ನಗಳು ನಡೆದಿದ್ದವು. ೧೯೫೮ರ ಅಕ್ಟೋಬರಿನಲ್ಲಿ ಯುಗೊಸ್ಲಾವಿಯದ ವಿಂಚಾ ಪರಮಾಣು ಕೇಂದ್ರದಲ್ಲಿ ಅಪಘಾತವಾಗಿ ವಿಕಿರಣಕ್ಕೆ ಸಿಕ್ಕಿದವರನ್ನು ಪ್ಯಾರಿಸ್ಸಿಗೆ ಕರೆದೊಯ್ದರು. ಅಲ್ಲಿ ಜಾರ್ಜ್ ಮಾಥೆ ಅವರು ಐವರಿಗೆ ಮಜ್ಜೆಯನ್ನು ನೀಡಿದರು. ಅವರಲ್ಲಿ ನಾಲ್ವರು ಬದುಕಿದರು. ಆದರೆ ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ಫಲಿತಾಂಶಗಳು ನಿರಾಶಾದಾಯಕವಾಗಿದ್ದವು.

ತೊಡಕುಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು, ರೋಗಿಯ ದೇಹವು ಹೊಸ ಮಜ್ಜೆಯನ್ನು ತಿರಸ್ಕರಿಸುವುದು. ಎರಡನೆಯದು ಇದಕ್ಕೆ ವಿರುದ್ಧವಾದದ್ದು. ಮಜ್ಜೆಯ ಜೊತೆಯಲ್ಲಿ ದಾನಿಯ ರೋಗನಿರೋಧಕ ಕೋಶಗಳೂ ಬರುವುದರಿಂದ ಅವು ಹೊಸ ದೇಹವನ್ನೇ ಪರಕೀಯವೆಂದು ಭಾವಿಸಿ ಚರ್ಮ, ಯಕೃತ್ತು, ಕರುಳುಗಳ ಮೇಲೆ ದಾಳಿ ಮಾಡುತ್ತವೆ. ಮೂತ್ರಪಿಂಡದಂತಹ ಅಂಗದ ಕಸಿಯಲ್ಲಿ ಮೊದಲನೆಯ ತೊಡಕೇ ಪ್ರಧಾನ. ಮಜ್ಜೆಯ ಕಸಿಯಲ್ಲಿ ಎರಡನ್ನೂ ಎದುರಿಸಬೇಕು. ೧೯೬೦ರ ದಶಕದಲ್ಲಿ ಅವಳಿಗಳಲ್ಲದ ದಾನಿಗಳಿಂದ ಕಸಿ ಪಡೆದ ರೋಗಿಗಳು ಒಬ್ಬರಾದ ಮೇಲೊಬ್ಬರಂತೆ ತೀರಿಕೊಂಡಾಗ ಅನೇಕ ವೈದ್ಯರು ಈ ಕ್ಷೇತ್ರವನ್ನು ತೊರೆದರು. ಈ ತಡೆಯನ್ನು ಎಂದಿಗೂ ದಾಟಲಾಗದೆಂಬ ಅಭಿಪ್ರಾಯವೂ ಬಲವಾಯಿತು.

ಥಾಮಸರು ಆಗ ಕೈಗೊಂಡ ತೀರ್ಮಾನವು ಅವರ ವೃತ್ತಿಜೀವನದಲ್ಲಿ ಮಹತ್ವದ್ದು. ಅವಳಿಗಳಲ್ಲದ ದಾನಿಗಳಿಂದ ಮನುಷ್ಯರಿಗೆ ಕಸಿ ಮಾಡುವ ಪ್ರಯತ್ನವನ್ನು ಅವರು ಬಹುಮಟ್ಟಿಗೆ ನಿಲ್ಲಿಸಿ ಪ್ರಯೋಗಾಲಯಕ್ಕೆ ಹಿಂದಿರುಗಿದರು. ಕಾರಣಗಳು ತಿಳಿಯುವವರೆಗೆ ರೋಗಿಗಳನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲವೆಂಬುದು ಅವರ ನಿಲುವಾಗಿತ್ತು. ಆದರೆ ಕೆಲಸವನ್ನು ಮಾತ್ರ ಕೈಬಿಡಲಿಲ್ಲ.

ನಾಯಿಗಳ ಮೇಲಿನ ಸಂಶೋಧನೆ

ಥಾಮಸರು ಅಧ್ಯಯನಕ್ಕೆ ನಾಯಿಗಳನ್ನು ಆರಿಸಿಕೊಂಡದ್ದಕ್ಕೆ ಕಾರಣಗಳಿದ್ದವು. ಪ್ರಯೋಗಾಲಯದ ಇಲಿಗಳು ಒಂದೇ ವಂಶದಲ್ಲಿ ಬೆಳೆಸಿದವಾದ್ದರಿಂದ ಪರಸ್ಪರ ಹೋಲುತ್ತವೆ. ನಾಯಿಗಳು ಮನುಷ್ಯರಂತೆ ಒಂದಕ್ಕಿಂತ ಒಂದು ಭಿನ್ನ. ಒಂದೇ ಸೂಲಿನಲ್ಲಿ ಹಲವು ಮರಿಗಳು ಹುಟ್ಟುವುದರಿಂದ ಒಡಹುಟ್ಟುಗಳ ನಡುವಣ ಹೊಂದಾಣಿಕೆಯನ್ನು ಪರೀಕ್ಷಿಸಲು ಅನುಕೂಲ. ನಾಯಿಗಳಿಗೂ ಸಹಜವಾಗಿ ಕ್ಯಾನ್ಸರ್ ಬರುತ್ತದೆ.

ವರ್ಷಗಳ ಶ್ರಮದಿಂದ ಕೆಲವು ಸಂಗತಿಗಳು ಸ್ಪಷ್ಟವಾದವು. ಒಂದೇ ಸೂಲಿನ ಮರಿಗಳಲ್ಲಿ ಅಂಗಾಂಶದ ಗುರುತುಗಳು ಹೊಂದುವ ಜೋಡಿಯನ್ನು ಪರೀಕ್ಷೆಯಿಂದ ಆರಿಸಿದರೆ ಕಸಿಯು ಬೇರೂರಿ ನಾಯಿಯು ದೀರ್ಘಕಾಲ ಬದುಕುತ್ತಿತ್ತು. ಹೊಂದದ ಜೋಡಿಗಳಲ್ಲಿ ಕಸಿ ಸೋಲುತ್ತಿತ್ತು. ಕಸಿಯ ನಂತರ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ನೀಡಿದರೆ ದಾನಿಯ ಕೋಶಗಳ ದಾಳಿಯನ್ನು ತಗ್ಗಿಸಬಹುದೆಂಬುದೂ ತಿಳಿಯಿತು. ಈ ಔಷಧವು ಅಮಿನಾಪ್ಟೆರಿನ್‌ನ ಬಳಗಕ್ಕೇ ಸೇರಿದ್ದು. ಇದು ಸಿದ್ಧವಾದದ್ದೂ ಸುಬ್ಬರಾವ್ ಅವರ ಲೆಡರ್ಲೆ ಪ್ರಯೋಗಾಲಯದಲ್ಲಿಯೇ.

ಮನುಷ್ಯರಲ್ಲಿ ಅಂಗಾಂಶದ ಗುರುತುಗಳನ್ನು ಫ್ರಾನ್ಸಿನ ಜಾನ್ ಡೋಸೆ ೧೯೫೮ರಲ್ಲಿ ಮೊದಲಿಗೆ ಪತ್ತೆಹಚ್ಚಿದ್ದರು. ಎಚ್‌ಎಲ್‌ಎ ಎಂದು ಹೆಸರಾದ ಈ ಗುರುತುಗಳನ್ನು ಮಗುವು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಪಡೆಯುತ್ತದೆ. ಆದ್ದರಿಂದ ಒಡಹುಟ್ಟಿದ ಒಬ್ಬರ ಗುರುತುಗಳು ಮತ್ತೊಬ್ಬರಿಗೆ ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು. ರಕ್ತದ ಗುಂಪು ಒಂದೇ ಆಗಿರುವುದಕ್ಕೂ ಈ ಹೊಂದಾಣಿಕೆಗೂ ಸಂಬಂಧವಿಲ್ಲ.

ಸಿಯಾಟಲ್: ಚಿಕಿತ್ಸೆಯ ಉದಯ

೧೯೬೩ರಲ್ಲಿ ಥಾಮಸರು ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಆಸ್ಪತ್ರೆಯಲ್ಲಿ ಕೆಲಸವನ್ನು ಮುಂದುವರಿಸಿದರು. ರೈನರ್ ಸ್ಟಾರ್ಬ್, ಡೀನ್ ಬಕ್ನರ್, ಪಾಲ್ ನೀಮನ್, ಅಲೆಕ್ಸಾಂಡರ್ ಫೆಫರ್ ಮೊದಲಾದ ವೈದ್ಯರು ತಂಡವನ್ನು ಸೇರಿದರು. ೧೯೬೮ರಲ್ಲಿ ಮಿನ್ನೆಸೋಟದ ರಾಬರ್ಟ್ ಗುಡ್ ಅವರು ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಗುವೊಂದಕ್ಕೆ ಒಡಹುಟ್ಟಿದವರ ಮಜ್ಜೆಯನ್ನು ನೀಡಿ ಯಶಸ್ವಿಯಾದರು. ಮರುವರ್ಷ, ಎಂದರೆ ೧೯೬೯ರಲ್ಲಿ, ಥಾಮಸರ ತಂಡವು ಮುಂದುವರಿದ ಹಂತದ ರಕ್ತಕ್ಯಾನ್ಸರ್ ರೋಗಿಗಳಿಗೆ ಹೊಂದಾಣಿಕೆಯಾಗುವ ಒಡಹುಟ್ಟಿದವರಿಂದ ಕಸಿ ಮಾಡುವ ಕಾರ್ಯವನ್ನು ಆರಂಭಿಸಿತು.

೧೯೭೫ರಲ್ಲಿ ಶಸ್ತ್ರವೈದ್ಯ ವಿಲಿಯಂ ಹಚಿನ್ಸನ್ ಅವರ ಪ್ರಯತ್ನದಿಂದ ಸಿಯಾಟಲ್‌ನಲ್ಲಿ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರವು ಆರಂಭವಾಯಿತು. ಕ್ಯಾನ್ಸರಿನಿಂದ ತೀರಿಕೊಂಡ ತಮ್ಮ ಸೋದರ, ಬೇಸ್‌ಬಾಲ್ ಆಟಗಾರ ಫ್ರೆಡ್ ಅವರ ಹೆಸರನ್ನು ಅವರು ಕೇಂದ್ರಕ್ಕೆ ಇಟ್ಟಿದ್ದರು. ಥಾಮಸರ ತಂಡವು ಅಲ್ಲಿಗೆ ಸ್ಥಳಾಂತರಗೊಂಡಿತು. ಮುಂದೆ ಈ ಕೇಂದ್ರವು ಹಲವು ದೇಶಗಳ ವೈದ್ಯರು ಬಂದು ಕಸಿ ಚಿಕಿತ್ಸೆಯನ್ನು ಕಲಿಯುವ ಸ್ಥಳವಾಯಿತು.

ಚಿಕಿತ್ಸೆಯ ಕ್ರಮ

ಕಸಿ ಎಂದೊಡನೆ ಮಾವಿನ ಕೊಂಬೆಗೆ ಕೊಂಬೆಯನ್ನು ಕಟ್ಟುವ ದೃಶ್ಯವೋ ಶಸ್ತ್ರಚಿಕಿತ್ಸೆಯೋ ನೆನಪಿಗೆ ಬರುವುದು ಸಹಜ. ಮಜ್ಜೆಯ ಕಸಿಯಲ್ಲಿ ರೋಗಿಗೆ ಶಸ್ತ್ರಚಿಕಿತ್ಸೆ ಇರುವುದಿಲ್ಲ. ಮೊದಲಿಗೆ ತೀವ್ರ ಔಷಧಗಳಿಂದ, ಅನೇಕ ವೇಳೆ ಇಡೀ ದೇಹಕ್ಕೆ ವಿಕಿರಣವನ್ನೂ ಕೊಟ್ಟು, ರೋಗಿಯ ಮಜ್ಜೆಯನ್ನು ನಾಶಪಡಿಸುತ್ತಾರೆ. ದಾನಿಗೆ ಅರಿವಳಿಕೆ ನೀಡಿ ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆಯನ್ನು ತೆಗೆಯುತ್ತಾರೆ. ಅದನ್ನು ರೋಗಿಗೆ ರಕ್ತ ಕೊಡುವಂತೆಯೇ ರಕ್ತನಾಳದ ಮೂಲಕ ಕೊಡುತ್ತಾರೆ. ಆಕರಕೋಶಗಳು ತಾವಾಗಿಯೇ ಮೂಳೆಗಳ ಒಳಭಾಗವನ್ನು ಸೇರಿ ನೆಲೆಯೂರುತ್ತವೆ. ಹೊಸ ರಕ್ತಕಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳು ಬೇಕು.

ಈ ವಾರಗಳಲ್ಲಿ ರೋಗಿಗೆ ಸೋಂಕನ್ನು ಎದುರಿಸುವ ಶಕ್ತಿಯೇ ಇರುವುದಿಲ್ಲ. ಪ್ಲೇಟ್‌ಲೆಟ್‌ಗಳ ಪೂರೈಕೆ, ಪ್ರತಿಜೀವಕ ಔಷಧಗಳು, ಶುದ್ಧ ಕೊಠಡಿ ಇವೆಲ್ಲ ಅಗತ್ಯ. ಹಗಲಿರುಳು ಎಚ್ಚರದಿಂದ ನೋಡಿಕೊಳ್ಳುವ ದಾದಿಯರ ಪಾತ್ರವು ವೈದ್ಯರ ಪಾತ್ರಕ್ಕಿಂತ ಕಡಿಮೆಯದಲ್ಲ. ಥಾಮಸರು ಈ ಸಾಧನೆಯನ್ನು ಯಾವಾಗಲೂ ತಂಡದ ಸಾಧನೆಯೆಂದೇ ಪರಿಗಣಿಸುತ್ತಿದ್ದರು.

ಫಲಿತಾಂಶಗಳು

೧೯೭೭ರಲ್ಲಿ ತಂಡವು ನೂರು ಮಂದಿ ರೋಗಿಗಳ ಚಿಕಿತ್ಸೆಯ ವಿವರಗಳನ್ನು ಪ್ರಕಟಿಸಿತು. ಇವರೆಲ್ಲರೂ ಇತರ ಚಿಕಿತ್ಸೆಗಳು ಫಲಿಸದೆ ಕೊನೆಯ ಹಂತವನ್ನು ತಲುಪಿದ್ದ ತೀವ್ರ ರಕ್ತಕ್ಯಾನ್ಸರ್ ರೋಗಿಗಳು. ಇವರಲ್ಲಿ ಹದಿಮೂರು ಮಂದಿ ಕಸಿಯಾಗಿ ಒಂದರಿಂದ ನಾಲ್ಕೂವರೆ ವರ್ಷಗಳಾದರೂ ಕ್ಯಾನ್ಸರಿನ ಕುರುಹಿಲ್ಲದೆ ಬದುಕಿದ್ದರು. ನೂರರಲ್ಲಿ ಹದಿಮೂರು ಎಂಬುದು ಸಣ್ಣ ಸಂಖ್ಯೆಯಂತೆ ಕಾಣಬಹುದು. ಆದರೆ ಬದುಕುವ ಯಾವ ಭರವಸೆಯೂ ಇಲ್ಲದಿದ್ದ ಸ್ಥಿತಿಯಲ್ಲಿ ಅದು ಹೊಸ ಆಶೆಯನ್ನು ಮೂಡಿಸಿತು.

ಕಸಿಯನ್ನು ಕೊನೆಯ ಹಂತದವರೆಗೆ ಮುಂದೂಡದೆ, ಔಷಧದಿಂದ ರೋಗವು ಮೊದಲ ಬಾರಿ ಹತೋಟಿಗೆ ಬಂದಾಗಲೇ ಮಾಡಬೇಕೆಂದು ತಂಡವು ನಿರ್ಧರಿಸಿತು. ೧೯೭೯ರಲ್ಲಿ ಪ್ರಕಟವಾದ ಫಲಿತಾಂಶಗಳು ಈ ಕ್ರಮದಿಂದ ಬದುಕುಳಿಯುವವರ ಪ್ರಮಾಣವು ಬಹಳ ಹೆಚ್ಚುತ್ತದೆಂದು ತೋರಿಸಿದವು. ಅದೇ ವರ್ಷ ಮತ್ತೊಂದು ಮುಖ್ಯ ಸಂಗತಿಯೂ ಬೆಳಕಿಗೆ ಬಂದಿತು. ದಾನಿಯ ಕೋಶಗಳ ದಾಳಿಗೆ ಒಳಗಾದ ರೋಗಿಗಳಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆ. ಎಂದರೆ ಹೊಸ ರೋಗನಿರೋಧಕ ಕೋಶಗಳು ಅಳಿದುಳಿದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ. ಹಿಂದೆ ಕೇವಲ ಅಪಾಯವೆಂದು ತಿಳಿದಿದ್ದದ್ದೇ ಚಿಕಿತ್ಸೆಯ ಒಂದು ಭಾಗವೂ ಆಗಿತ್ತು.

೧೯೮೨ರಲ್ಲಿ ಥಾಮಸರ ತಂಡವು ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತರೋಗವನ್ನೂ ಮಜ್ಜೆಯ ಕಸಿಯಿಂದ ಗುಣಪಡಿಸಬಹುದೆಂದು ವರದಿ ಮಾಡಿತು.

ಬಂಧುಗಳಲ್ಲದ ದಾನಿಗಳು

ಹೊಂದುವ ಒಡಹುಟ್ಟಿದವರು ಇಲ್ಲದ ರೋಗಿಗಳ ಗತಿಯೇನೆಂಬ ಪ್ರಶ್ನೆ ಉಳಿದಿತ್ತು. ೧೯೭೯ರಲ್ಲಿ ಸಿಯಾಟಲ್‌ನಲ್ಲಿ ರಕ್ತಕ್ಯಾನ್ಸರಿನಿಂದ ಬಳಲುತ್ತಿದ್ದ ಹತ್ತು ವರ್ಷದ ಬಾಲಕಿಗೆ ಸಂಬಂಧಿಯಲ್ಲದ ದಾನಿಯ ಮಜ್ಜೆಯನ್ನು ಕಸಿ ಮಾಡಿದರು. ಕಸಿಯು ಯಶಸ್ವಿಯಾಗಿ ಬೇರೂರಿತು. ಮುಂದೆ ಕ್ಯಾನ್ಸರ್ ಮರುಕಳಿಸಿ ಬಾಲಕಿಯು ತೀರಿಕೊಂಡಳಾದರೂ ಅಪರಿಚಿತರ ಮಜ್ಜೆಯಿಂದಲೂ ಕಸಿ ಸಾಧ್ಯವೆಂಬುದು ಸಿದ್ಧವಾಯಿತು. ಸ್ವಇಚ್ಛೆಯಿಂದ ದಾನಕ್ಕೆ ಮುಂದಾಗುವವರ ಅಂಗಾಂಶದ ವಿವರಗಳನ್ನು ದಾಖಲಿಸುವ ರಾಷ್ಟ್ರೀಯ ನೋಂದಣಿಯು ೧೯೮೦ರ ದಶಕದಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾಗಲು ಆ ಬಾಲಕಿಯ ಕುಟುಂಬದವರೂ ಥಾಮಸರೂ ಶ್ರಮಿಸಿದರು.

ಡೊರೊಥಿ ಥಾಮಸ್

ಆಪ್ತರಲ್ಲಿ ಡಾಟಿ ಎಂದೇ ಪರಿಚಿತರಾಗಿದ್ದ ಡೊರೊಥಿಯವರು ಪತಿಯ ಸಂಶೋಧನೆಯಲ್ಲಿ ಆರಂಭದಿಂದಲೂ ಸಹಭಾಗಿಯಾಗಿದ್ದರು. ಪ್ರಯೋಗಾಲಯದ ಕೆಲಸ, ತಂಡದ ಆಡಳಿತ, ಅನುದಾನದ ಅರ್ಜಿಗಳು, ಲೇಖನಗಳ ಪರಿಷ್ಕರಣೆ ಎಲ್ಲವೂ ಅವರ ಕೈಯಿಂದ ಹಾದುಹೋಗುತ್ತಿದ್ದವು. ಮಜ್ಜೆಯ ಕಸಿಯ ಜನಕರೆಂದು ಥಾಮಸರನ್ನು ಕರೆದವರು ಡೊರೊಥಿಯವರನ್ನು ಅದರ ಜನನಿಯೆಂದು ಗೌರವಿಸಿದ್ದಾರೆ. ಅವರು ೨೦೧೫ರಲ್ಲಿ ನಿಧನರಾದರು.

ವಿವಾದ

೨೦೦೧ರಲ್ಲಿ ಸಿಯಾಟಲ್‌ನ ಪತ್ರಿಕೆಯೊಂದು, ಹಚಿನ್ಸನ್ ಕೇಂದ್ರದಲ್ಲಿ ೧೯೮೦ರ ದಶಕದಲ್ಲಿ ನಡೆದ ಒಂದು ಪ್ರಯೋಗವನ್ನು ಕುರಿತು ಲೇಖನಮಾಲೆಯನ್ನು ಪ್ರಕಟಿಸಿತು. ದಾನಿಯ ಮಜ್ಜೆಯಿಂದ ಕೆಲವು ಬಗೆಯ ರೋಗನಿರೋಧಕ ಕೋಶಗಳನ್ನು ಮುಂಚಿತವಾಗಿ ತೆಗೆದುಹಾಕಿ ಕಸಿ ಮಾಡುವುದು ಆ ಪ್ರಯೋಗದ ಉದ್ದೇಶವಾಗಿತ್ತು. ಅದರಲ್ಲಿ ಹಲವು ರೋಗಿಗಳಲ್ಲಿ ಕಸಿ ಬೇರೂರದೆ ಅಥವಾ ಕ್ಯಾನ್ಸರ್ ಮರುಕಳಿಸಿ ಸಾವುಗಳು ಸಂಭವಿಸಿದ್ದವು. ರೋಗಿಗಳಿಗೆ ಅಪಾಯವನ್ನು ಪೂರ್ಣವಾಗಿ ತಿಳಿಸಿರಲಿಲ್ಲವೆಂದೂ ಥಾಮಸರೂ ಸೇರಿದಂತೆ ಕೆಲವು ಸಂಶೋಧಕರು ಸಂಬಂಧಪಟ್ಟ ಕಂಪನಿಯಲ್ಲಿ ಆರ್ಥಿಕ ಹಿತಾಸಕ್ತಿ ಹೊಂದಿದ್ದರೆಂದೂ ಪತ್ರಿಕೆಯು ಆರೋಪಿಸಿತು. ಕೇಂದ್ರವು ಆರೋಪಗಳನ್ನು ನಿರಾಕರಿಸಿತು. ರೋಗಿಗಳ ಕುಟುಂಬದವರು ಹೂಡಿದ ಮೊಕದ್ದಮೆಯಲ್ಲಿ ೨೦೦೪ರಲ್ಲಿ ತೀರ್ಪುಗಾರರ ಮಂಡಳಿಯು ಬಹುಪಾಲು ಅಂಶಗಳಲ್ಲಿ ಕೇಂದ್ರದ ಪರವಾಗಿ ತೀರ್ಮಾನ ನೀಡಿತು. ಸಾವಿನ ಅಂಚಿನಲ್ಲಿರುವ ರೋಗಿಯಿಂದ ಪ್ರಯೋಗಕ್ಕೆ ಒಪ್ಪಿಗೆ ಪಡೆಯುವಾಗ ವೈದ್ಯರ ಹೊಣೆಗಾರಿಕೆ ಏನೆಂಬ ಚರ್ಚೆಗೆ ಈ ಪ್ರಕರಣವು ಎಡೆಮಾಡಿಕೊಟ್ಟಿತು.

ಪ್ರಶಸ್ತಿಗಳು ಮತ್ತು ಕೊನೆಯ ದಿನಗಳು

೧೯೯೦ರಲ್ಲಿ ನೊಬೆಲ್ ಪ್ರಶಸ್ತಿಯ ಜೊತೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವೂ ಕೆನಡಾದ ಗೇರ್ಡ್‌ನರ್ ಪ್ರಶಸ್ತಿಯೂ ಥಾಮಸರಿಗೆ ದೊರೆತವು. ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮರ್ರೆ ಅವರು ೧೯೫೪ರಲ್ಲಿ ಅವಳಿಗಳ ನಡುವೆ ಮೂತ್ರಪಿಂಡದ ಕಸಿಯನ್ನು ಮೊದಲ ಬಾರಿಗೆ ಯಶಸ್ವಿಯಾಗಿ ನಡೆಸಿದವರು. ಇಬ್ಬರೂ ಯೌವನದಲ್ಲಿ ಬಾಸ್ಟನ್ನಿನ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಸ್ನೇಹಿತರು. ಥಾಮಸರು ಸಂಗಡಿಗರೊಂದಿಗೆ ಸಂಪಾದಿಸಿದ ಕಸಿ ಚಿಕಿತ್ಸೆಯ ಬೃಹತ್ ಗ್ರಂಥವು ಈಗ ಅವರ ಹೆಸರಿನಿಂದಲೇ ಪ್ರಕಟವಾಗುತ್ತಿದೆ. ಬೇಟೆ, ಮೀನು ಹಿಡಿಯುವುದು ಮತ್ತು ಬೆಟ್ಟಗಾಡಿನ ನಡಿಗೆ ಇವರ ಹವ್ಯಾಸಗಳಾಗಿದ್ದವು.

ಥಾಮಸರು ೨೦೧೨ರ ಅಕ್ಟೋಬರ್ ೨೦ರಂದು ಸಿಯಾಟಲ್‌ನಲ್ಲಿ ತಮ್ಮ ೯೨ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಡಿಸೆಂಬರ್ ವೇಳೆಗೆ ಜಗತ್ತಿನಲ್ಲಿ ನಡೆದ ಇಂತಹ ಕಸಿಗಳ ಸಂಖ್ಯೆಯು ಹತ್ತು ಲಕ್ಷವನ್ನು ಮುಟ್ಟಿತು.

ಭಾರತದಲ್ಲಿ ಕಸಿ ಚಿಕಿತ್ಸೆ

ಭಾರತದಲ್ಲಿ ಅಸ್ಥಿಮಜ್ಜೆಯ ಕಸಿಯು ೧೯೮೩ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಅವರಿಂದ ಆರಂಭವಾಯಿತು. ೧೯೮೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಮ್ಯಾಮೆನ್ ಚಾಂಡಿ ಅವರ ನೇತೃತ್ವದಲ್ಲಿ ಈ ಚಿಕಿತ್ಸೆ ಮೊದಲಾಯಿತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿಯೂ ಇದು ಲಭ್ಯವಿದೆ. ಸ್ವಯಂಪ್ರೇರಿತ ದಾನಿಗಳನ್ನು ನೋಂದಾಯಿಸುವ ಸಂಸ್ಥೆಯೂ ಬೆಂಗಳೂರಿನಲ್ಲಿದೆ. ಇಂದು ಹೆಚ್ಚಿನ ದಾನಿಗಳಿಂದ ಮೂಳೆಗೆ ಸೂಜಿ ಹಾಕದೆ ತೋಳಿನ ರಕ್ತನಾಳದಿಂದಲೇ ಆಕರಕೋಶಗಳನ್ನು ಪಡೆಯುತ್ತಾರೆ.

ಕುಡುಗೋಲು ಕಣ ರಕ್ತಹೀನತೆಯನ್ನೂ ಕಸಿಯಿಂದ ಗುಣಪಡಿಸಬಹುದು. ಈ ಆನುವಂಶಿಕ ರೋಗವು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದಲ್ಲಿಯೂ ಕಂಡುಬಂದಿದೆ. ಆದರೆ ಚಿಕಿತ್ಸೆಯ ಹೆಚ್ಚಿನ ವೆಚ್ಚ ಮತ್ತು ಹೊಂದುವ ದಾನಿಗಳ ಕೊರತೆಯಿಂದಾಗಿ ಅಗತ್ಯವಿರುವ ಅನೇಕರಿಗೆ ಇದು ಇನ್ನೂ ಎಟುಕುತ್ತಿಲ್ಲ. ತಂದೆ, ತಾಯಿ ಮೊದಲಾದ ಅರ್ಧ ಹೊಂದಾಣಿಕೆಯ ದಾನಿಗಳಿಂದಲೂ ಕಸಿ ಮಾಡುವ ವಿಧಾನಗಳು ಬೆಳೆದಿರುವುದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸಿದೆ.